ಪದವಿ ಸಿಲಬಸ್ ಬದಲಾಗುವುದು ಯಾವ ಸಭೆಯಲ್ಲಿ?

ಕ್ಯಾಸನೂರು ಇರುವುದು ನಮ್ಮ ಸೊರಬ ತಾಲ್ಲೂಕಿನಲ್ಲಿ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಕಾರಣವಾದ ವೈರಸ್ಸಿಗೆ ಆ ಕಾಡಿನ ಹೆಸರನ್ನೇ ಇಟ್ಟರು. ನಾವು ಅದನ್ನು ಮಂಗನ ಕಾಯಿಲೆ ಅನ್ನುತ್ತೇವೆ. ಸಾಗರದ ಅಥವಾ ತೀರ್ಥಹಳ್ಳಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅಧ್ಯಾಪಕರೊಬ್ಬರಿಗೆ, ಬಿಎಸ್ಸಿ ಮಕ್ಕಳು ಈ ಕಾಯಿಲೆಯ ಬಗ್ಗೆ ಆರು ಗಂಟೆಯಾದರೂ ಸರಿಯಾಗಿ ಓದಬೇಕು ಅಂತ ಅನ್ನಿಸಿತು ಎಂದುಕೊಳ್ಳೋಣ. ಆ ಆರು ಗಂಟೆ ಸಿಲಬಸ್ಸಿಗೆ ಸೇರಬೇಕಾದರೆ ಯಾರೆಲ್ಲ ಒಪ್ಪಬೇಕು?

ಕಾಲೇಜಿನ ಪ್ರಿನ್ಸಿಪಾಲರು ಒಪ್ಪಿದರೆ ಸಾಕು ಅಂತ ಕೆಲವರು ತಿಳಿದಿದ್ದಾರೆ. ಎಲ್ಲವೂ ಬೆಂಗಳೂರಿನಿಂದಲೇ ಬರುತ್ತದೆ ಅಂತ ಇನ್ನು ಕೆಲವರು. ಎರಡೂ ಸರಿಯಲ್ಲ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪದವಿ ಕಾಲೇಜುಗಳ ಪಠ್ಯ ತೀರ್ಮಾನವಾಗುವುದು ಬಹುಪಾಲು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದ ಸಭೆಗಳಲ್ಲಿ. ಅಲ್ಲಿ ಒಂದರ ಮೇಲೊಂದು ಸಭೆ ಇದೆ. ಎಲ್ಲ ಸಭೆಗೂ ಒಂದೇ ತೂಕ ಇಲ್ಲ. ಯಾವುದಕ್ಕೆ ಎಷ್ಟು ತೂಕ ಅಂತ ಗೊತ್ತಿಲ್ಲದೆ ನಮ್ಮ ಅಧ್ಯಾಪಕರು, ವಿದ್ಯಾರ್ಥಿಗಳು ತಪ್ಪು ಹೊತ್ತಿನಲ್ಲಿ, ತಪ್ಪು ಬಾಗಿಲು ತಟ್ಟುವುದು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ. ಇದನ್ನು ಬರೆಯಲು ಅದೇ ಕಾರಣ.

ಮೊದಲು ಚೌಕಟ್ಟಿನ ಮಾತು. ಪದವಿ ಎಷ್ಟು ವರ್ಷದ್ದು, ಎಷ್ಟು ವಿಷಯ ಓದಬೇಕು, ಒಟ್ಟು ಎಷ್ಟು ಕ್ರೆಡಿಟ್ ಅನ್ನುವುದನ್ನು ವಿಶ್ವವಿದ್ಯಾಲಯ ತಾನೇ ನಿರ್ಧರಿಸುವುದಿಲ್ಲ. ಪದವಿಯ ಹೆಸರುಗಳನ್ನು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಗೊತ್ತು ಮಾಡುತ್ತದೆ. ಅದು ಒಪ್ಪದ ಹೆಸರಿನ ಪದವಿ ಕೊಡುವಂತಿಲ್ಲ. ವರ್ಷ ಮತ್ತು ವಿಷಯಗಳ ಹಂಚಿಕೆ ರಾಜ್ಯ ಸರ್ಕಾರದ ಆದೇಶದಿಂದ ಬರುತ್ತದೆ. 2021-22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಾಗ ನಾಲ್ಕು ವರ್ಷದ ಆನರ್ಸ್ ಬಂತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟ ಮೇಲೆ 2024ರ ಮೇ ತಿಂಗಳಲ್ಲಿ ಇನ್ನೊಂದು ಆದೇಶ ಬಂತು. 2024-25ರಿಂದ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿ. ಇಂಥ ಬದಲಾವಣೆಯನ್ನು ಶಂಕರಘಟ್ಟದ ಯಾವ ಸಭೆಯೂ ತಡೆಯಲಾರದು. ಅದಕ್ಕೆ ತಕ್ಕ ಹಾಗೆ ತನ್ನ ನಿಯಮ ತಿದ್ದಿಕೊಳ್ಳಬೇಕು, ಅಷ್ಟೇ.

ಆದರೆ ಆ ಚೌಕಟ್ಟಿನ ಒಳಗೆ ಏನು ತುಂಬಬೇಕು ಅನ್ನುವುದು ಬೇರೆ ಪ್ರಶ್ನೆ. ಮೂರನೇ ಸೆಮಿಸ್ಟರಿನ ಪ್ರಾಣಿಶಾಸ್ತ್ರದ ಪೇಪರಿನಲ್ಲಿ ಯಾವ ಘಟಕ, ಎಷ್ಟು ಗಂಟೆ, ಯಾವ ಪುಸ್ತಕ? ಇದನ್ನು ತೀರ್ಮಾನಿಸುವುದು ಅಧ್ಯಯನ ಮಂಡಳಿ. ಎಲ್ಲರೂ ಬಿಓಎಸ್ ಅನ್ನುತ್ತಾರೆ. ಪ್ರತಿ ವಿಷಯಕ್ಕೂ ಒಂದು ಮಂಡಳಿ. ಪದವಿ ಹಂತದ ಮಂಡಳಿಯಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಜತೆ ಪದವಿ ಕಾಲೇಜುಗಳ ಅಧ್ಯಾಪಕರೂ ಇರುತ್ತಾರೆ. ಬೇರೆ ವಿಶ್ವವಿದ್ಯಾಲಯದ ತಜ್ಞರನ್ನೂ ಕರೆಸುತ್ತಾರೆ. ದೊಡ್ಡ ಸಭೆಯೇನಲ್ಲ, ಒಂದು ಮೇಜಿನ ಸುತ್ತ ಹಿಡಿಸುವಷ್ಟು ಜನ. ಸಿಲಬಸ್ಸಿನ ಒಂದೊಂದು ಸಾಲನ್ನೂ ಓದುವುದು, ತಿದ್ದುವುದು, ವಾದ ಮಾಡುವುದು ಈ ಮೇಜಿನಲ್ಲೇ. ಇದಾದ ಮೇಲೆ ಬರುವ ಸಭೆಗಳಲ್ಲಿ ಅಷ್ಟು ಸಾವಧಾನ ಇರುವುದಿಲ್ಲ.

ನಮ್ಮ ಆರು ಗಂಟೆಯ ಪ್ರಸ್ತಾಪ ಇಲ್ಲಿಗೆ ಬಂತು. ಮೊದಲ ಪ್ರಶ್ನೆ ಏಳುವುದು ಕಾಯಿಲೆಯ ಬಗ್ಗೆ ಅಲ್ಲ. "ಸರ್, ಆರು ಗಂಟೆ ಎಲ್ಲಿಂದ ತರ್ತೀರಿ?"

ಲೆಕ್ಕ ಹೀಗಿದೆ. ವಾರಕ್ಕೆ ಒಂದು ಗಂಟೆಯ ಪಾಠ ಒಂದು ಸೆಮಿಸ್ಟರ್ ನಡೆದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ವಾರಕ್ಕೆ ಎರಡು ಗಂಟೆಗೆ ಒಂದು ಕ್ರೆಡಿಟ್. ನಾಲ್ಕು ಕ್ರೆಡಿಟ್ಟಿನ ಪೇಪರ್ ಅಂದರೆ ವಾರಕ್ಕೆ ನಾಲ್ಕು ಗಂಟೆ. 14 ವಾರಕ್ಕೆ 56 ಗಂಟೆ. ಈ 56 ಹಿಗ್ಗುವುದಿಲ್ಲ. ಆರು ಗಂಟೆ ಸೇರಿಸಬೇಕಾದರೆ ಇನ್ನೇನೋ ಆರು ಗಂಟೆ ಹೊರಗೆ ಹೋಗಬೇಕು. ಪ್ರಸ್ತಾಪಗಳು ಬಿದ್ದುಹೋಗುವುದು ಸಾಮಾನ್ಯವಾಗಿ ಇಲ್ಲೇ. ಏನು ಸೇರಿಸಬೇಕು ಅಂತ ಎಲ್ಲರೂ ಬರೆದು ತರುತ್ತಾರೆ. ಏನು ಬಿಡಬೇಕು ಅಂತ ಬರೆದು ತರುವವರು ಕಡಿಮೆ. ಬಿಡುವ ಘಟಕವನ್ನು ಎಷ್ಟೋ ವರ್ಷದಿಂದ ಪ್ರೀತಿಯಿಂದ ಕಲಿಸುತ್ತ ಬಂದವರು ಎದುರಿಗೇ ಕೂತಿರುತ್ತಾರೆ. ಅವರ ನೋವೂ ಸುಳ್ಳಲ್ಲ.

ಎರಡನೇ ಪ್ರಶ್ನೆ ಪ್ರಾಕ್ಟಿಕಲ್ಲಿನದು. ಮಂಗನ ಕಾಯಿಲೆಯ ವೈರಸ್ಸನ್ನು ಪದವಿ ಕಾಲೇಜಿನ ಲ್ಯಾಬಿನಲ್ಲಿ ಇಡುವ ಹಾಗೇ ಇಲ್ಲ. ಅದಕ್ಕೆ ಬಹಳ ಬಿಗಿಯಾದ ಸುರಕ್ಷತೆಯ ಪ್ರಯೋಗಾಲಯ ಬೇಕು. ಕಾಯಿಲೆ ಹರಡುವುದು ಉಣುಗಿನಿಂದ (ಉಣ್ಣೆ ಹುಳು), ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಜಾತಿಯಿಂದ. ಹಾಗಾದರೆ ಮಕ್ಕಳನ್ನು ಕಾಡಿಗೆ ಕರೆದೊಯ್ದು ಉಣುಗು ಹಿಡಿಸಬಹುದೇ? ಕಾಯಿಲೆ ಜೋರಾಗಿರುವುದು ಡಿಸೆಂಬರಿನಿಂದ ಮೇವರೆಗೆ. ಸಮಸಂಖ್ಯೆಯ ಸೆಮಿಸ್ಟರುಗಳು ನಡೆಯುವುದು ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ತರಗೆಲೆ ಬಾಚಲು ಹೋದವರಿಗೇ ಉಣುಗು ಹತ್ತುವ ಕಾಲದಲ್ಲಿ ಮೂವತ್ತು ಹುಡುಗ ಹುಡುಗಿಯರನ್ನು ಅಲ್ಲಿಗೆ ನುಗ್ಗಿಸುವುದು ಸರಿಯಲ್ಲ. ಹಾಗಾಗಿ ಈ ಘಟಕ ಬೆಸಸಂಖ್ಯೆಯ ಸೆಮಿಸ್ಟರಿಗೆ ಹೋಗಬೇಕು. ಪ್ರಾಕ್ಟಿಕಲ್ಲಿನಲ್ಲಿ ಮೊದಲೇ ಸಿದ್ಧಪಡಿಸಿದ ಸ್ಲೈಡುಗಳು ಇರಬೇಕು. ಶಿವಮೊಗ್ಗದಲ್ಲೇ ಈ ಕಾಯಿಲೆಯ ಪರೀಕ್ಷೆಗೆ ವೈರಸ್ ಪತ್ತೆ ಪ್ರಯೋಗಾಲಯ ಇದೆ. ಅಲ್ಲಿಗೆ ಒಂದು ಭೇಟಿಗೆ ಅವಕಾಶ ಕೇಳಬಹುದು. ಇದನ್ನೆಲ್ಲ ಯೋಚಿಸದೆ "ಕ್ಷೇತ್ರಕಾರ್ಯ" ಅಂತ ಒಂದು ಪದ ಬರೆದು ಬಿಟ್ಟರೆ, ಎರಡು ಜಿಲ್ಲೆಯ ಕಾಲೇಜುಗಳೂ ಆ ಪದಕ್ಕೆ ತಮಗೆ ತೋಚಿದ ಅರ್ಥ ಕೊಟ್ಟುಕೊಳ್ಳುತ್ತವೆ.

ಮೂರನೆಯದು ಪುಸ್ತಕ. ನಮ್ಮ ಕಡೆಯ ಪದವಿ ಮಕ್ಕಳಲ್ಲಿ ಪಿಯುಸಿವರೆಗೆ ಕನ್ನಡದಲ್ಲೇ ಓದಿ ಬಂದವರು ಜಾಸ್ತಿ. ಸಿಲಬಸ್ಸಿನ ಕೊನೆಯಲ್ಲಿ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳ ಪಟ್ಟಿ ಹಾಕಿದರೆ ಹೊಸನಗರದ ಕಾಲೇಜಿನ ಗ್ರಂಥಾಲಯಕ್ಕೆ ಅದು ಬರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ವಿಷಯವೂ ನಿಂತಲ್ಲೇ ನಿಂತಿಲ್ಲ. ಮಂಗನ ಕಾಯಿಲೆಗೆ ಮೊದಲು ಕೊಡುತ್ತಿದ್ದ ಲಸಿಕೆ ಅಷ್ಟು ಪರಿಣಾಮಕಾರಿಯಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹಳೆಯ ಪುಸ್ತಕ ಓದಿದ ವಿದ್ಯಾರ್ಥಿ ಲಸಿಕೆ ಇದೆ ಅಂತ ಬರೆಯುತ್ತಾನೆ, ಹೊಸ ವರದಿ ಓದಿದವಳು ಇಲ್ಲ ಅಂತ ಬರೆಯುತ್ತಾಳೆ. ಇಬ್ಬರ ಉತ್ತರಪತ್ರಿಕೆಯೂ ಒಬ್ಬರೇ ಮೌಲ್ಯಮಾಪಕರ ಕೈಗೆ ಬರುತ್ತದೆ. ಇಂಥ ಘಟಕ ಸೇರಿಸುವಾಗ ಕನ್ನಡದಲ್ಲಿ ಹತ್ತಿಪ್ಪತ್ತು ಪುಟದ ಟಿಪ್ಪಣಿಯೊಂದನ್ನು ಮಂಡಳಿಯೇ ಸಿದ್ಧಮಾಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಪುಸ್ತಕ ಪ್ರಕಟಿಸಲು ವಿಶ್ವವಿದ್ಯಾಲಯಕ್ಕೆ ತನ್ನದೇ ಪ್ರಸಾರಾಂಗ ಇದೆ. ಅಸಾಧ್ಯದ ಕೆಲಸವೇನಲ್ಲ.

ನಾಲ್ಕನೆಯದನ್ನು ನಡಾವಳಿಯಲ್ಲಿ ಯಾರೂ ಬರೆಯುವುದಿಲ್ಲ. ಆದರೆ ಮೇಜಿನ ಸುತ್ತ ಕೂತ ಎಲ್ಲರ ಮನಸ್ಸಿನಲ್ಲೂ ಅದು ಇರುತ್ತದೆ. ಕಾರ್ಯಭಾರ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಯ ಬೋಧನೆ ಅಂತ ಯುಜಿಸಿಯ 2018ರ ನಿಯಮ ಹೇಳುತ್ತದೆ. ಒಂದು ವಿಷಯದ ಗಂಟೆ ಕಡಿಮೆಯಾದರೆ ಕಾಯಂ ಅಧ್ಯಾಪಕರು ಬೇರೆ ಕಾಲೇಜಿಗೆ ಹೋಗಬೇಕಾಗಬಹುದು. ಅತಿಥಿ ಉಪನ್ಯಾಸಕರಿಗೆ ಆ ವರ್ಷದ ಕೆಲಸವೇ ಹೋಗಬಹುದು. ಮಲೆನಾಡಿನ ಎಷ್ಟೋ ಸರ್ಕಾರಿ ಕಾಲೇಜುಗಳು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಆದ್ದರಿಂದ "ಈ ಪೇಪರ್ ಬೇಡ" ಅನ್ನುವ ಮಾತು ಒಬ್ಬರ ಮನೆಯ ಅಕ್ಕಿಬೇಳೆಯ ಮಾತೂ ಆಗಿರುತ್ತದೆ. ಮೇಲ್ನೋಟಕ್ಕೆ ಜ್ಞಾನದ ಜಗಳದಂತೆ ಕಾಣುವ ಎಷ್ಟೋ ವಾದಗಳ ಬೇರು ಇಲ್ಲಿದೆ. ಇದನ್ನು ಸ್ವಾರ್ಥ ಅಂತ ತಳ್ಳಿಹಾಕಬಾರದು. ಬಾಯಿಬಿಟ್ಟು ಹೇಳಿದರೆ ದಾರಿ ಹುಡುಕಬಹುದು. ಮುಚ್ಚಿಟ್ಟರೆ ಒಳ್ಳೆಯ ಪ್ರಸ್ತಾಪವೊಂದು ಯಾವುದೋ ಬೇರೆ ನೆಪದಲ್ಲಿ ಸಾಯುತ್ತದೆ.

ಮಂಡಳಿ ಒಪ್ಪಿತು ಅಂದುಕೊಳ್ಳೋಣ. ಮುಂದಿನದು ನಿಕಾಯದ ಸಭೆ. ವಿಜ್ಞಾನ ನಿಕಾಯ, ಕಲಾ ನಿಕಾಯ, ವಾಣಿಜ್ಯ ನಿಕಾಯ ಹೀಗೆ. ಒಂದೊಂದಕ್ಕೂ ಒಬ್ಬರು ಡೀನ್. ಹತ್ತಿರದ ವಿಷಯಗಳ ಮಂಡಳಿಗಳು ಕಳಿಸಿದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡುವುದು ಇಲ್ಲಿ. ಈ ಹಂತಕ್ಕೆ ಸಿಗಬೇಕಾದ ಗಮನ ಸಿಗುತ್ತಿಲ್ಲ. ಮಂಡಳಿ ಆಗಲೇ ನೋಡಿದೆಯಲ್ಲ, ಇನ್ನೇನು ನೋಡುವುದು ಅಂತ ಸುಮ್ನೆ ದಾಟಿಸುವ ಅಭ್ಯಾಸ ಸುಲಭವಾಗಿ ಬಂದುಬಿಡುತ್ತದೆ. ಆದರೆ ಮಂಡಳಿಗೆ ಕಾಣದ ಒಂದು ವಿಷಯ ನಿಕಾಯಕ್ಕೆ ಮಾತ್ರ ಕಾಣುತ್ತದೆ. ಒಂದು ವಿಷಯದ ಬದಲಾವಣೆ ಪಕ್ಕದ ವಿಷಯಕ್ಕೆ ಏನು ಮಾಡುತ್ತದೆ ಅನ್ನುವುದು.

ನಮ್ಮ ಉದಾಹರಣೆಯನ್ನೇ ನೋಡಿ. ಪ್ರಾಣಿಶಾಸ್ತ್ರದವರು ಮಂಗನ ಕಾಯಿಲೆಯ ಘಟಕ ತಂದರು. ಸೂಕ್ಷ್ಮಜೀವಿಶಾಸ್ತ್ರದವರು ಅದೇ ವರ್ಷ ವೈರಸ್ ರೋಗಗಳ ಘಟಕ ತಂದಿದ್ದರೆ? ಎರಡೂ ವಿಷಯ ತೆಗೆದುಕೊಂಡ ವಿದ್ಯಾರ್ಥಿ ಒಂದೇ ಪಾಠವನ್ನು ಎರಡು ಸಲ ಓದುತ್ತಾಳೆ, ಇನ್ನೊಂದನ್ನು ಓದುವುದೇ ಇಲ್ಲ. ಉಣುಗು ಮತ್ತು ಮಂಗ ಪ್ರಾಣಿಶಾಸ್ತ್ರಕ್ಕೆ, ವೈರಸ್ಸಿನ ರಚನೆ ಸೂಕ್ಷ್ಮಜೀವಿಶಾಸ್ತ್ರಕ್ಕೆ ಅಂತ ಹಂಚಿಕೊಳ್ಳಲು ಇಬ್ಬರೂ ಒಂದೇ ಕೋಣೆಯಲ್ಲಿ ಕೂರಬೇಕು. ಆ ಕೋಣೆ ನಿಕಾಯದ ಸಭೆ. ಇನ್ನೂ ಒಂದಿದೆ. ಜೀವರಸಾಯನದ ಮೂರನೇ ಸೆಮಿಸ್ಟರಿನ ಪಾಠ, ರಸಾಯನಶಾಸ್ತ್ರದ ಎರಡನೇ ಸೆಮಿಸ್ಟರಿನ ಒಂದು ಘಟಕವನ್ನು ನಂಬಿಕೊಂಡಿರುತ್ತದೆ. ರಸಾಯನಶಾಸ್ತ್ರದವರು ಆ ಘಟಕವನ್ನು ಐದನೇ ಸೆಮಿಸ್ಟರಿಗೆ ಸರಿಸಿದರೆ ಅವರ ಸಿಲಬಸ್ ಚೆನ್ನಾಗೇ ಕಾಣುತ್ತದೆ. ಒದ್ದಾಡುವವರು ಪಕ್ಕದ ವಿಭಾಗದ ಮಕ್ಕಳು. ಡೀನ್ ಆದವರು ಕೇಳಲೇಬೇಕಾದ ಪ್ರಶ್ನೆ ಒಂದೇ: ಇದರಿಂದ ಬೇರೆ ಯಾರ ಪಾಠ ಕದಲುತ್ತದೆ? ಈ ಪ್ರಶ್ನೆಗೆ ಒಂದಿಡೀ ಮಧ್ಯಾಹ್ನ ಕೊಟ್ಟರೂ ನಷ್ಟವಿಲ್ಲ.

ನಿಕಾಯ ದಾಟಿದರೆ ವಿದ್ಯಾವಿಷಯಕ ಪರಿಷತ್ತು. ಇದರ ಅಧ್ಯಕ್ಷರು ಕುಲಪತಿಗಳು. ಪಠ್ಯ, ಬೋಧನೆ, ಪರೀಕ್ಷೆಯ ಗುಣಮಟ್ಟಕ್ಕೆ ಹೊಣೆ ಈ ಪರಿಷತ್ತಿನದು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ ಇದು ವಿಶ್ವವಿದ್ಯಾಲಯದ ಪ್ರಾಧಿಕಾರಗಳಲ್ಲಿ ಒಂದು. ಹೊಸ ಸಿಲಬಸ್ಸಿಗೆ ಇಲ್ಲಿ ಮುದ್ರೆ ಬೀಳಬೇಕು. ಆದರೆ ಕಾರ್ಯಸೂಚಿಯಲ್ಲಿ ನಮ್ಮ ಆರು ಗಂಟೆ ಕಾಣಿಸುವುದು ಹೀಗೆ: ಪ್ರಾಣಿಶಾಸ್ತ್ರ ಪದವಿ ಪಠ್ಯಕ್ರಮದ ಪರಿಷ್ಕರಣೆಗೆ ಅನುಮೋದನೆ ಕೋರಿ. ಒಂದೇ ಸಾಲು. ಅಂಥ ಸಾಲುಗಳು ಹತ್ತಾರು. ಮಂಗನ ಕಾಯಿಲೆಗೆ ಆರು ಗಂಟೆ ಸಾಕೇ, ಎಂಟು ಬೇಕೇ ಅಂತ ಇಲ್ಲಿ ಯಾರೂ ಚರ್ಚಿಸುವುದಿಲ್ಲ. ಚರ್ಚಿಸಲು ಇದು ಜಾಗವೂ ಅಲ್ಲ.

ಅದಕ್ಕೇ ಹೇಳಿದ್ದು, ತಪ್ಪು ಬಾಗಿಲು ಅಂತ. ಹೊಸ ಸಿಲಬಸ್ ಪ್ರಕಟವಾದ ಮೇಲೆ ಕುಲಪತಿಗಳಿಗೆ ಮನವಿ ಕೊಡುವುದು, ಕುಲಸಚಿವರ ಕಚೇರಿ ಮುಂದೆ ನಿಲ್ಲುವುದು ನಮ್ಮಲ್ಲಿ ಮಾಮೂಲು. ಅಷ್ಟು ಹೊತ್ತಿಗೆ ಕಡತ ಮೂರು ಸಭೆ ದಾಟಿರುತ್ತದೆ. ಒಂದು ಘಟಕ ತಿದ್ದಬೇಕಾದರೂ ಅದು ಮತ್ತೆ ಕೆಳಗಿಳಿದು ಮಂಡಳಿಗೇ ಬರಬೇಕು.

ಇನ್ನು ಸಿಂಡಿಕೇಟ್, ವಿಶ್ವವಿದ್ಯಾಲಯದ ಆಡಳಿತ ನೋಡುವ ಸಭೆ. ಇದ್ದ ಪೇಪರಿನ ಒಂದು ಘಟಕ ಬದಲಾದರೆ ಸಿಂಡಿಕೇಟಿಗೆ ಹೆಚ್ಚು ಕೆಲಸವಿಲ್ಲ. ಹೊಸ ಕೋರ್ಸು, ಹೊಸ ವಿಭಾಗ, ಹೊಸ ಖರ್ಚು ಬಂದರೆ ಅದರ ಒಪ್ಪಿಗೆ ಬೇಕು. ಒಂದು ಕಾಲೇಜು ತನ್ನಲ್ಲಿಲ್ಲದ ಹೊಸ ವಿಷಯ ಶುರುಮಾಡಬೇಕಾದರೆ ದಾರಿ ಮತ್ತೂ ಉದ್ದ. ಸಂಯೋಜನೆಗೆ, ಅಂದರೆ ಆ ವಿಷಯ ಕಲಿಸಲು ವಿಶ್ವವಿದ್ಯಾಲಯದ ಮಾನ್ಯತೆಗೆ, ಅರ್ಜಿ ಹಾಕಬೇಕು. ಸ್ಥಳೀಯ ವಿಚಾರಣಾ ಸಮಿತಿ ಬಂದು ಕೊಠಡಿ, ಲ್ಯಾಬ್, ಅಧ್ಯಾಪಕರು ಇದ್ದಾರೆಯೇ ಅಂತ ನೋಡಬೇಕು. ಸರ್ಕಾರದ ಒಪ್ಪಿಗೆ ಬೇಕು. ಇದು ಒಂದು ಘಟಕ ತಿದ್ದುವ ಕೆಲಸದಂತಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಬಾರದು. ಬೆರೆಸಿದರೆ ಸುಲಭದ ಕೆಲಸವೂ ಕಷ್ಟದ ಕೆಲಸದ ಜತೆ ಕಾಯುತ್ತ ಕೂರುತ್ತದೆ.

ಇಷ್ಟು ಸಭೆಗಳಿಗೆ ಸಮಯ ಇಲ್ಲದಿದ್ದರೆ? ಕಾಯ್ದೆಯಲ್ಲಿ ಅದಕ್ಕೊಂದು ದಾರಿ ಇದೆ. ತುರ್ತು ಸಂದರ್ಭದಲ್ಲಿ ಕುಲಪತಿಗಳು ತಾವೇ ಕ್ರಮ ಕೈಗೊಂಡು, ಆಮೇಲೆ ಸಂಬಂಧಪಟ್ಟ ಸಭೆಯ ಮುಂದಿಡಬಹುದು. ಘಟನೋತ್ತರ ಅನುಮೋದನೆ ಅನ್ನುತ್ತಾರೆ. ತರಗತಿ ಶುರುವಾಗಲೇಬೇಕು, ಸಿಲಬಸ್ ಇನ್ನೂ ಮೇಲೆ ಹೋಗಿಲ್ಲ ಅನ್ನುವಾಗ ಇದು ಬೇಕೇ ಬೇಕು. ಆದರೆ ಇದು ಅಭ್ಯಾಸವಾದರೆ ಮೇಲಿನ ಸಭೆಗಳಿಗೆ ಅರ್ಥ ಉಳಿಯುವುದಿಲ್ಲ. ಮಕ್ಕಳು ಆಗಲೇ ಓದುತ್ತಿರುವ ಪಾಠವನ್ನು ಯಾವ ಸಭೆ ತಾನೇ ಬೇಡ ಅಂದೀತು?

ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳೂ ಎರಡು ಸಲ ಈ ಅವಸರ ಕಂಡಿವೆ. 2021ರಲ್ಲಿ ಹೊಸ ನೀತಿಯ ಆದೇಶ ಬಂದಿದ್ದು ಆಗಸ್ಟಿನಲ್ಲಿ, ಅದೇ ವರ್ಷದ ಪ್ರವೇಶಕ್ಕೆ ಅನ್ವಯ ಅಂತ. 2024ರಲ್ಲಿ ಬಂದಿದ್ದು ಮೇ ತಿಂಗಳಲ್ಲಿ, ಅದೂ ಆ ವರ್ಷಕ್ಕೇ. 2021ರಲ್ಲಿ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ತಜ್ಞರಿಂದ ಮಾದರಿ ಪಠ್ಯ ಮಾಡಿಸಿ ಕೊಟ್ಟಿದ್ದರಿಂದ ಕೆಲಸ ಬೇಗ ಆಯಿತು ನಿಜ. ಆದರೆ ರಾಜ್ಯಕ್ಕೆಲ್ಲ ಒಂದೇ ಮಾದರಿ ಇಟ್ಟುಕೊಂಡು ಅವಸರದಲ್ಲಿ ಕೂತರೆ ಮೊದಲು ಬಿಟ್ಟುಹೋಗುವುದು ಊರಿನ ಸಂಗತಿಗಳು. ಶರಾವತಿ ಕಣಿವೆ, ಅಡಿಕೆಯ ಎಲೆಚುಕ್ಕಿ ರೋಗ, ಶೃಂಗೇರಿ ಕೊಪ್ಪದ ತೋಟಗಳನ್ನು ತಿಂದ ಹಳದಿ ಎಲೆ ರೋಗ, 2018-19ರಲ್ಲಿ ಸಾಗರದ ಅರಳಗೋಡಿನಲ್ಲಿ ಜೀವಗಳನ್ನು ತೆಗೆದ ಇದೇ ಮಂಗನ ಕಾಯಿಲೆ, ಇವನ್ನು ಬೆಂಗಳೂರಿನ ಸಮಿತಿ ನೆನಪಿಟ್ಟುಕೊಂಡು ಸೇರಿಸಬೇಕು ಅಂತ ಕಾಯುವುದು ನ್ಯಾಯವಲ್ಲ. ಸೇರಿಸಬೇಕಾದವರು ನಾವು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಆಗುವ ಮೊದಲು ಈ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾಲಯದ ಕೆಳಗಿದ್ದವು. ಮಲೆನಾಡಿಗೆ ತನ್ನದೇ ವಿಶ್ವವಿದ್ಯಾಲಯ ಬೇಕು ಅನ್ನುವುದರ ಅರ್ಥವೇ, ಇಲ್ಲಿನ ಪಾಠವನ್ನು ಇಲ್ಲಿನವರು ಬರೆಯಬಹುದು ಅನ್ನುವುದು. ಅಲ್ವಾ?

ಸಿಲಬಸ್ ಬದಲಾದ ಮೇಲೆ ಹಳಬರ ಗತಿಯೇನು ಅಂತ ಬಹಳ ಮಂದಿ ಕೇಳುತ್ತಾರೆ. ಸಾಮಾನ್ಯ ನಿಯಮ ಇದು: ಯಾವ ವರ್ಷ ಸೇರಿದರೋ ಆ ವರ್ಷದ ಸಿಲಬಸ್ ಅವರಿಗೆ ಕೊನೆಯವರೆಗೆ. ಹಾಗಾಗಿ 2024-25ರಲ್ಲಿ ಒಂದೇ ಕಾಲೇಜಿನಲ್ಲಿ ಮೊದಲ ವರ್ಷದವರು ರಾಜ್ಯದ ನೀತಿಯ ಪ್ರಕಾರ, ಎರಡು ಮತ್ತು ಮೂರನೇ ವರ್ಷದವರು ರಾಷ್ಟ್ರೀಯ ನೀತಿಯ ಪ್ರಕಾರ ಓದಿದರು. ಪಾಠ ಮಾಡಿದ್ದು ಅದೇ ಅಧ್ಯಾಪಕರು. ಫೇಲಾದವರಿಗೆ ಹಳೆಯ ಸಿಲಬಸ್ಸಿನ ಪ್ರಶ್ನೆಪತ್ರಿಕೆಯನ್ನೇ ಬೇರೆ ತೆಗೆಸಬೇಕು. ಆದರೆ ಅವರಿಗೆ ಆ ಪಾಠ ಹೇಳುವ ತರಗತಿ ಎಲ್ಲೂ ನಡೆಯುತ್ತಿರುವುದಿಲ್ಲ. ಅವರು ಹಳೆಯ ನೋಟ್ಸ್ ಹುಡುಕಿಕೊಂಡು ಅಲೆಯುತ್ತಾರೆ. ಪ್ರತಿ ಪರಿಷ್ಕರಣೆಯ ಪ್ರಸ್ತಾಪದಲ್ಲೂ ಹಳೆಯ ಸಿಲಬಸ್ಸಿನ ಪರೀಕ್ಷೆ ಎಷ್ಟು ಸಲ ನಡೆಯುತ್ತದೆ, ಹಳೆಯ ಯಾವ ಪೇಪರಿಗೆ ಹೊಸ ಯಾವ ಪೇಪರ್ ಸಮ ಅನ್ನುವುದನ್ನು ಮೊದಲೇ ಬರೆದಿಡಬೇಕು. ಹೊಸ ಪೇಪರುಗಳಿಗೆ ಕೋಡ್ ಕೊಟ್ಟು ಪ್ರವೇಶ, ಪರೀಕ್ಷೆಯ ಕೆಲಸ ನಡೆಯುವ ಯುಯುಸಿಎಂಎಸ್ ತಂತ್ರಾಂಶಕ್ಕೆ ಏರಿಸುವ ಕೆಲಸವೂ ತಡವಾಗಬಾರದು. ಅಲ್ಲಿ ಕೋಡ್ ಇಲ್ಲ ಅಂದರೆ ಪರೀಕ್ಷೆಯ ಅರ್ಜಿಯಲ್ಲಿ ಆ ಪೇಪರೇ ಇಲ್ಲ.

ಇಲ್ಲಿ ಹೇಳಿದ್ದು ಬಿಎ, ಬಿಎಸ್ಸಿ, ಬಿಕಾಂ ಥರದ ಪದವಿಗಳ ದಾರಿ. ನಮ್ಮೂರಿನ ಎಲ್ಲ ಕಾಲೇಜಿಗೂ ಇದು ಹೊಂದುವುದಿಲ್ಲ. ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯು ಕೆಳಗೆ ಬರುತ್ತವೆ. ಸಿಮ್ಸ್ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ್ದು, ಅಲ್ಲಿನ ಪಠ್ಯ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹಿಡಿತದಲ್ಲಿದೆ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಡೀನ್‌ಗಳ ಸಮಿತಿ ಹೇಳಿದ ಪಠ್ಯವನ್ನು ಅನುಸರಿಸುತ್ತದೆ. ಸ್ವಾಯತ್ತ ಕಾಲೇಜುಗಳಿಗೆ ತಮ್ಮದೇ ಅಧ್ಯಯನ ಮಂಡಳಿ, ತಮ್ಮದೇ ವಿದ್ಯಾವಿಷಯಕ ಪರಿಷತ್ತು ಇರುತ್ತದೆ. ಅದರಲ್ಲಿ ವಿಶ್ವವಿದ್ಯಾಲಯದ ಪ್ರತಿನಿಧಿಗಳು ಕೂರುತ್ತಾರೆ.

ಹಾಗಾದರೆ ಹೊರಗಿನವರು ಮಂಡಳಿಗೆ ಮಾತು ಮುಟ್ಟಿಸುವುದು ಹೇಗೆ? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನಕ್ಕಾಗಿ ಪ್ರತಿ ಕಾಲೇಜೂ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಅಧ್ಯಾಪಕರಿಂದ ಪಠ್ಯದ ಬಗ್ಗೆ ಅಭಿಪ್ರಾಯ ಸಂಗ್ರಹಿಸಬೇಕು. ಆ ಹಾಳೆಗಳು ಕಾಲೇಜಿನ ಕಪಾಟಿನಲ್ಲೇ ಉಳಿದರೆ ಪ್ರಯೋಜನವಿಲ್ಲ. ಅದರ ಸಾರವನ್ನು ಒಂದು ಪುಟ ಮಾಡಿ ಸಂಬಂಧಪಟ್ಟ ಮಂಡಳಿಯ ಅಧ್ಯಕ್ಷರಿಗೆ ಪ್ರಿನ್ಸಿಪಾಲರ ಮೂಲಕ ಕಳಿಸಬೇಕು. ವಿಷಯವಾರು ಅಧ್ಯಾಪಕರ ಸಂಘಗಳು ಕಾರ್ಯಾಗಾರ ಮಾಡಿ ಸಲಹೆ ಕೊಡಬಹುದು. ಮಂಡಳಿಯ ನಡಾವಳಿ ಗುಟ್ಟಿನ ಕಾಗದವಲ್ಲ. ಹಿಂದಿನ ಸಭೆಯಲ್ಲಿ ಏನಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಪತ್ರ ಬರೆಯುವಾಗ "ನಮ್ಮ ಭಾಗದ ವಿಷಯ ಸೇರಿಸಿ" ಅಂತ ಒಂದು ಸಾಲು ಸಾಲದು. ಯಾವ ಸೆಮಿಸ್ಟರ್, ಯಾವ ಪೇಪರ್, ಯಾವ ಘಟಕ ಅಂತ ಹೆಸರಿಸಿ. ಎಷ್ಟು ಗಂಟೆ ಬೇಕು, ಆ ಗಂಟೆಯನ್ನು ಎಲ್ಲಿಂದ ತೆಗೆಯಬಹುದು ಅಂತ ಹೇಳಿ. ಪ್ರಾಕ್ಟಿಕಲ್ ಏನು, ಕನ್ನಡದಲ್ಲಿ ಓದಲು ಏನಿದೆ, ಬೇರೆ ಯಾವ ವಿಷಯಕ್ಕೆ ಇದು ತಾಗುತ್ತದೆ ಅನ್ನುವುದನ್ನೂ ಬರೆಯಿರಿ. ಎರಡು ಮಾದರಿ ಪ್ರಶ್ನೆ ಸೇರಿಸಿದರೆ ಇನ್ನೂ ಒಳ್ಳೆಯದು, ಏನು ಕಲಿಸಬೇಕು ಅನ್ನುವುದು ಪ್ರಶ್ನೆಯಲ್ಲೇ ಹೆಚ್ಚು ಸ್ಪಷ್ಟವಾಗುತ್ತದೆ. ಮುಂದಿನ ವರ್ಷದ ಪ್ರವೇಶಕ್ಕೆ ಬದಲಾವಣೆ ಬೇಕಿದ್ದರೆ ಮೇ ತಿಂಗಳಲ್ಲಿ ಎಚ್ಚರಾಗಬೇಡಿ. ಬೆಸ ಸೆಮಿಸ್ಟರಿನ ಪರೀಕ್ಷೆ ಮುಗಿಯುವ ಹೊತ್ತಿಗೆ ಪತ್ರ ಮಂಡಳಿಯ ಅಧ್ಯಕ್ಷರ ಕೈಯಲ್ಲಿರಲಿ. ಒಂದು ಪ್ರತಿ ಡೀನ್ ಅವರಿಗೂ ಹೋಗಲಿ.